ಕೆಸರಿನ ಕಡತ

(ಬಾನುಲಿ ಭಾಷಣ)



ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ಕಡತವಿತ್ತು. ಕಡತವೆಂದೊಡನೆ ಕಚೇರಿಗಳಲ್ಲಿ ದಾರ ಕಟ್ಟಿ ಮೂಲೆಗಿಟ್ಟ ಕಾಗದದ ಕಟ್ಟು ಇಂದಿನವರ ಕಣ್ಣಿಗೆ ಕಟ್ಟುತ್ತದೆ. ಆ ಶಬ್ದದ ಹಳೆಯ ಅರ್ಥ ಬೇರೆ. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದು ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರವಾಗಿ ಒದಗಿವೆ. ನನ್ನ ಅಜ್ಜನ ಕಡತದಲ್ಲಿ ಇತಿಹಾಸವೇನೂ ಇರಲಿಲ್ಲ. ಅಕ್ಕಿಮುಡಿಗಳ ಲೆಕ್ಕ, ಅಡಕೆಯ ತೂಕ, ಯಾರ ಕೂಲಿ ಸಂದಿತು, ಯಾರದು ಬಾಕಿ ಎಂಬಷ್ಟೇ ಇತ್ತು. ಬಳಪದ ಬರೆಹವಾದ್ದರಿಂದ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಆದರೆ ಕಿಟಕಿಯ ಓರೆ ಬೆಳಕಿಗೆ ಹಿಡಿದು ನೋಡಿದರೆ ಒರೆಸಿದ ಅಂಕಿಗಳ ಗೀರು ಇನ್ನೂ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ಅದೊಂದು ವಿನೋದವಾಗಿತ್ತು.

ಈ ಹೊತ್ತು ನಾನು ಮಾತನಾಡಹೊರಟಿರುವುದು ಇನ್ನೊಂದು ಬಗೆಯ ಕಡತವನ್ನು ಕುರಿತು. ಅದು ನದಿಯ ತಳದಲ್ಲಿರುವ ಕೆಸರು. ನಾನು ವಿಜ್ಞಾನಿಯಲ್ಲ; ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ನದಿಯ ಬಗ್ಗೆ ತರಗತಿಯಲ್ಲಿ ಎಷ್ಟೋ ಮಾತಾಡಿದ್ದೇನೆ. ನಮ್ಮ ಕಾವ್ಯಪರಂಪರೆಯಲ್ಲಿ ನದಿಯೆಂದರೆ ಪಾವನೆ, ಪಾಪವನ್ನು ತೊಳೆಯುವವಳು. ಕೆಸರಿನ ವಿಚಾರಕ್ಕೆ ಬಂದರೆ ಪಂಕಜವನ್ನು ಹೊಗಳಿದಷ್ಟು ಪಂಕವನ್ನು ಯಾರೂ ನೋಡಿದಂತಿಲ್ಲ, ನಾನೂ ನೋಡಿರಲಿಲ್ಲ. ನೋಡುವಂತೆ ಮಾಡಿದ್ದು ಕೇರಳದ ಕುಟ್ಟನಾಡಿಗೆ ಹೋದ ಒಂದು ಪ್ರವಾಸ.

ಕುಟ್ಟನಾಡು ಸಾಹಿತ್ಯಾಸಕ್ತರಿಗೆ ಅಪರಿಚಿತ ಹೆಸರೇನಲ್ಲ. 1984ರಲ್ಲಿ ಜ್ಞಾನಪೀಠ ಪ್ರಶಸ್ತಿ ಪಡೆದ ತಕಳಿ ಶಿವಶಂಕರ ಪಿಳ್ಳೆಯವರ ನಾಡು ಅದು. 'ಚೆಮ್ಮೀನ್' ಕಾದಂಬರಿಯ ಕಡಲು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1948ರಲ್ಲಿ ಅವರು ಬರೆದ 'ರಂಡಿಡಂಗಳಿ' ಕುಟ್ಟನಾಡಿನ ಗದ್ದೆಗಳಲ್ಲಿ ದುಡಿಯುವ ದಲಿತ ಕೂಲಿಗಳ ಕಥೆ. ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ಎಂಬ ನಾಲ್ಕು ನದಿಗಳು ಮಲೆಯಿಂದ ಇಳಿದು ಬಂದು, ಇಲ್ಲಿ ಹರಡಿ, ಕವಲೊಡೆದು, ವೇಂಬನಾಡಿನ ಹಿನ್ನೀರನ್ನು ಸೇರುತ್ತವೆ. ಇಲ್ಲಿನ ಗದ್ದೆಗಳಲ್ಲಿ ಬಹುಪಾಲು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. ಕೆಲವು ಎರಡು ಮೀಟರಿನಷ್ಟು ಕೆಳಗೆ. ನೀರಿನೊಳಗೆ ಕೆಸರಿನ ದಂಡೆ ಕಟ್ಟಿ, ಒಳಗಿನ ನೀರನ್ನು ಹೊರಕ್ಕೆ ಎತ್ತಿ ಚೆಲ್ಲಿ, ತಳದ ನೆಲವನ್ನು ಗದ್ದೆ ಮಾಡಿದ್ದಾರೆ. ಹಿಂದೆ ಕಾಲಿನಿಂದ ತುಳಿಯುವ ಚಕ್ರಗಳಿಂದ ನೀರೆತ್ತುತ್ತಿದ್ದರು. ಆಮೇಲೆ ಯಂತ್ರ ಬಂತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯ ಪದ್ಧತಿಯನ್ನು ಜಗತ್ತಿನ ಕೃಷಿ ಪರಂಪರೆಗಳಲ್ಲಿ ಒಂದೆಂದು ಮಾನ್ಯ ಮಾಡಿತು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ನಮ್ಮ ಗಾದೆ ಅಕ್ಷರಶಃ ಸಲ್ಲುವ ನೆಲ ಅದು. ಕೈ ಕೆಸರಾದವರ ಬಾಯಿಗೆ ಮೊಸರು ಸಿಕ್ಕಿತೆ ಎಂಬುದು ತಕಳಿಯವರು ಎತ್ತಿದ ಪ್ರಶ್ನೆ.

ಆ ನೆಲದ ಒಂದು ಭಾಗಕ್ಕೆ 'ಕರಿ' ಎಂದೇ ಹೆಸರು. ಕನ್ನಡದಲ್ಲಿ ಇರುವ ಅರ್ಥವೇ ಅಲ್ಲಿಯೂ. ಇದ್ದಿಲಿನಂತೆ ಕಪ್ಪಾದ, ಹುಳಿ ಏರಿದ ಜೌಗು ಮಣ್ಣು. ಅದನ್ನು ಅಗೆಯುವಾಗ ಯಾವುದೋ ಕಾಲದಲ್ಲಿ ಮುಳುಗಿಹೋದ ಕಾಡಿನ ಮರದ ದಿಮ್ಮಿಗಳು ಇಂದಿಗೂ ಸಿಗುತ್ತವೆ. ಗಾಳಿಯಾಡದ ಕೆಸರಿನಲ್ಲಿ ಅವು ಪೂರ್ತಿ ಕೊಳೆತು ಹೋಗಿಲ್ಲ. ದೋಣಿಯ ಕಟ್ಟೆಯ ಬಳಿ ಅಂಥದೊಂದು ಕಪ್ಪು ದಿಮ್ಮಿಯನ್ನು ಕಂಡಾಗ ನನಗೆ ಥಟ್ಟನೆ ಅಜ್ಜನ ಕಡತ ನೆನಪಾಯಿತು. ಕೆಸರು ತನ್ನೊಳಗೆ ಬಿದ್ದುದನ್ನು ಇಟ್ಟುಕೊಳ್ಳುತ್ತದೆ.

ನಾನು ಹೋದದ್ದು 2019ರ ಫೆಬ್ರವರಿಯಲ್ಲಿ, 2018ರ ಆಗಸ್ಟಿನ ಮಹಾಪ್ರವಾಹ ಕಳೆದ ಮರುಬೇಸಗೆಯಲ್ಲಿ. ಪ್ರವಾಹದಲ್ಲಿ ಇಡೀ ಕುಟ್ಟನಾಡು ಮುಳುಗಿ, ಜನರನ್ನು ದೋಣಿಗಳಲ್ಲಿ ಹೊರಗೆ ಸಾಗಿಸಬೇಕಾಗಿತ್ತು. ಈಗ ಗದ್ದೆಗಳಲ್ಲಿ ಹಸಿರು ತುಂಬಿತ್ತು. ಆಲಪ್ಪುಳದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಒಬ್ಬ ವೃದ್ಧ ರೈತರ ಮನೆಗೆ ಕರೆದೊಯ್ದ. ಮನೆಯ ಮುಂದೆ ನದಿ, ಹಿಂದೆ ಗದ್ದೆ. ಅಂಗಳದಲ್ಲಿ ಮಾತ್ರ ಕುಡಿಯುವ ನೀರು ತುಂಬಿದ ಪ್ಲಾಸ್ಟಿಕ್ ಕೊಡಗಳ ಸಾಲು. ನಾನು ಅದನ್ನೇ ನೋಡುತ್ತಿದ್ದುದನ್ನು ಗಮನಿಸಿ ಅವರು ನಕ್ಕರು. "ಏನು ನೋಡುತ್ತೀರಿ ಮಾಷೇ? ಕುಡಿಯುವ ನೀರು ನಮಗೆ ದೋಣಿಯಲ್ಲಿ ಬರುತ್ತದೆ. ನನ್ನ ಅಮ್ಮ ಈ ಕಡವಿನಿಂದಲೇ ತುಂಬಿ ತರುತ್ತಿದ್ದಳು" ಎಂದರು. ಗದ್ದೆಯ ಬದುವಿನ ಮೇಲೆ ಅವರ ಮಗ ಬೆನ್ನಿಗೆ ಸಿಂಪಡಿಸುವ ಡಬ್ಬಿ ಕಟ್ಟಿಕೊಂಡು ನಡೆಯುತ್ತಿದ್ದ. ಅದಕ್ಕೆ ಅವರ ಮಾತಿನಲ್ಲಿ 'ಮರುನ್ನಡಿ' ಎಂದು ಹೆಸರು, ಅಂದರೆ ಮದ್ದು ಹೊಡೆಯುವುದು.

ಭಾಷೆಯ ಮೇಷ್ಟರ ಕಿವಿಗೆ ಆ ಮಾತು ಅಂಟಿಕೊಂಡಿತು. ಕರಾವಳಿಯ ಕನ್ನಡದಲ್ಲಿಯೂ ನಾವು 'ಮದ್ದು ಬಿಡುವುದು' ಎನ್ನುತ್ತೇವೆ. ಘಟ್ಟದ ಮೇಲೆ 'ಔಷಧಿ ಹೊಡೆಯುವುದು' ಎನ್ನುತ್ತಾರೆ. ಕೊಲ್ಲುವ ವಸ್ತುವಿಗೆ ಎಲ್ಲಿಯೂ ವಿಷವೆಂಬ ಹೆಸರಿಲ್ಲ. ಆದರೆ 'ಅವನಿಗೆ ಯಾರೋ ಮದ್ದು ಹಾಕಿದ್ದಾರೆ' ಎಂದರೆ ಅರ್ಥ ತಿರುಗಿಬಿಡುತ್ತದೆ. 'ಮದ್ದುಗುಂಡು' ಎಂದರೆ ಮತ್ತೂ ಬೇರೆ. ಗುಣಪಡಿಸುವುದು, ಕೊಲ್ಲುವುದು ಎರಡನ್ನೂ ಒಂದೇ ಶಬ್ದದಲ್ಲಿ ಇಟ್ಟ ನಮ್ಮ ಹಿರಿಯರಿಗೆ ಮುಂದಿನದು ಕಂಡಿತ್ತೋ ಏನೋ.

ನ್ಯಾಯವಾಗಿ ಹೇಳಬೇಕಾದರೆ, ಈ ವಸ್ತುಗಳು ನಮ್ಮಲ್ಲಿಗೆ ಮದ್ದಾಗಿಯೇ ಬಂದವು. ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆಂದು 1939ರಲ್ಲಿ ಕಂಡುಹಿಡಿದ ಪೌಲ್ ಮ್ಯುಲರ್ ಅವರಿಗೆ 1948ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಭಾರತದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗ, ಚಳಿಜ್ವರದಿಂದ ಊರಿಗೆ ಊರೇ ಖಾಲಿಯಾಗುತ್ತಿದ್ದ ಮಲೆನಾಡಿನಂಥ ಕಡೆಗಳಲ್ಲಿ ಮನೆಗೋಡೆಗೆ ಡಿಡಿಟಿ ಹೊಡೆಯಲು ಬಂದವರನ್ನು ಜನ ದೇವರಂತೆ ಕಂಡರು. ಆ ಋಣವನ್ನು ಮರೆಯಲಾಗದು. ಗೋಡೆಯ ಮೇಲಿದ್ದ ಮದ್ದು ಗದ್ದೆಗೆ ಇಳಿದದ್ದು, ಗದ್ದೆಯಿಂದ ನೀರಿಗೆ ಇಳಿದದ್ದು ಮುಂದಿನ ಕಥೆ.

ಕುಟ್ಟನಾಡಿನಲ್ಲಿ ಆ ಕಥೆಗೆ ವೇಗ ಬಂದದ್ದು ಹಸಿರು ಕ್ರಾಂತಿಯ ವರ್ಷಗಳಲ್ಲಿ. ಹೊಸ ತಳಿಗಳು ಬಂದವು, ಅವುಗಳೊಡನೆ ಗೊಬ್ಬರ ಬಂತು. 1973-74ರಲ್ಲಿ ಕಂದು ಜಿಗಿಹುಳುವಿನ ಹಾವಳಿ ಎದ್ದು ಗದ್ದೆಗಳು ಬೆಂಕಿ ತಗುಲಿದಂತೆ ಒಣಗಿದವು. ಹೆದರಿದ ರೈತ ಹೆಚ್ಚು ಹೆಚ್ಚು ಮದ್ದು ಸುರಿದ. ಆ ಹುಳುವಿನ ರೀತಿಯೇ ವಿಚಿತ್ರ. ಅದು ಭತ್ತದ ಎಲೆಯ ಕವಚದೊಳಗೆ ಮೊಟ್ಟೆಯಿಡುವುದರಿಂದ ಮೇಲಿನಿಂದ ಬಿದ್ದ ವಿಷ ಮೊಟ್ಟೆಗೆ ತಾಗುವುದಿಲ್ಲ. ಸಾಯುವುದು ಅದನ್ನು ತಿಂದು ಬದುಕುವ ಜೇಡ ಮೊದಲಾದ ಜೀವಿಗಳು. ಮೊಟ್ಟೆ ಒಡೆದು ಬಂದ ಮರಿಗಳಿಗೆ ಆಗ ಶತ್ರುವೇ ಇಲ್ಲ. ಹೀಗೆ ಮದ್ದೇ ರೋಗವನ್ನು ಸಾಕುತ್ತದೆ. ಇಂಡೊನೇಷ್ಯಾದ ಸರ್ಕಾರ ಇದನ್ನು ಅರಿತು, 1986ರಲ್ಲಿ ಐವತ್ತೇಳು ಕೀಟನಾಶಕಗಳನ್ನು ಭತ್ತದ ಗದ್ದೆಗಳಿಂದ ನಿಷೇಧಿಸಿತು.

ಇಲ್ಲಿ ಒಂದು ಮಾತನ್ನು ಸ್ಮರಿಸಬೇಕು. ಹಸಿರು ಕ್ರಾಂತಿಯ ಶಿಲ್ಪಿಯೆನಿಸಿದ ಎಂ. ಎಸ್. ಸ್ವಾಮಿನಾಥನ್ ಅವರ ಪೂರ್ವಿಕರ ಊರು ಕುಟ್ಟನಾಡಿನ ಮಂಕೊಂಬು. ಅವರೇ 1968ರ ಜನವರಿಯಲ್ಲಿ ವಾರಾಣಸಿಯ ವಿಜ್ಞಾನ ಸಮ್ಮೇಳನದಲ್ಲಿ, ಕೀಟನಾಶಕಗಳನ್ನು ವಿವೇಚನೆಯಿಲ್ಲದೆ ಬಳಸಿದರೆ ಜೀವಸಮತೋಲ ಕೆಡುವುದೆಂದೂ ಧಾನ್ಯದಲ್ಲಿ ಉಳಿಯುವ ವಿಷಾಂಶದಿಂದ ರೋಗಗಳು ಹೆಚ್ಚುವುವೆಂದೂ ಎಚ್ಚರಿಸಿದ್ದರು. ಬೀಜವನ್ನು ನಾವು ಅವರ ಕೈಯಿಂದ ಇಸಿದುಕೊಂಡೆವು. ಎಚ್ಚರಿಕೆಯನ್ನು ಅಲ್ಲಿಯೇ ಬಿಟ್ಟು ಬಂದೆವು.

ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ನಡೆಯಿತು. ಬೇಸಗೆಯಲ್ಲಿ ಕಡಲಿನ ಉಪ್ಪುನೀರು ಗದ್ದೆಗಳಿಗೆ ನುಗ್ಗದಿರಲೆಂದು ತಣ್ಣೀರ್‌ಮುಕ್ಕಂ ಎಂಬಲ್ಲಿ ಹಿನ್ನೀರಿಗೆ ಅಡ್ಡಲಾಗಿ ಸುಮಾರು 1.4 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿದರು. ಅದು 1976ರಲ್ಲಿ ಕೆಲಸಕ್ಕೆ ಬಂತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ವರ್ಷಕ್ಕೊಮ್ಮೆ ಒಳಬರುತ್ತಿದ್ದ ಉಪ್ಪುನೀರು ಕಳೆಯನ್ನು ಕೊಲ್ಲುತ್ತಿತ್ತು, ಕೊಳೆಯನ್ನು ಕದಡಿ ಹೊರಗೊಯ್ಯುತ್ತಿತ್ತು. ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ನೀರು ನಿಂತಿತು. ನಿಂತ ನೀರಿನಲ್ಲಿ ತೇಲುವುದೆಲ್ಲ ತಳಕ್ಕೆ ಇಳಿಯುತ್ತದೆ.

ಹೀಗೆ ನಾವು ಮತ್ತೆ ಕೆಸರಿಗೆ ಬಂದೆವು. ಡಿಡಿಟಿ, ನಮ್ಮ ಕಡೆ ಗಮಾಕ್ಸಿನ್ ಪುಡಿಯೆಂದು ಕರೆಯುತ್ತಿದ್ದ ಬಿಎಚ್‌ಸಿ, ಎಂಡ್ರಿನ್ ಇವೆಲ್ಲ ಕ್ಲೋರಿನ್ ಕೂಡಿದ ಒಂದು ಕುಲದ ವಿಷಗಳು. ಇವಕ್ಕೆ ನೀರು ಒಗ್ಗುವುದಿಲ್ಲ, ಜಿಡ್ಡು ಒಗ್ಗುತ್ತದೆ. ನೀರಿನಲ್ಲಿ ಬೆರೆತುಹೋಗುವುದಕ್ಕಿಂತ ನೀರಿನಲ್ಲಿ ತೇಲುವ ನಯವಾದ ಮಣ್ಣಿನ ಕಣಕ್ಕೆ, ಕೊಳೆತ ಎಲೆಯ ಚೂರಿಗೆ ಅಂಟಿಕೊಳ್ಳುತ್ತವೆ. ನದಿ ಬಯಲಿಗೆ ಬಂದು ವೇಗ ಕಳೆದುಕೊಂಡಾಗ ಆ ಕಣಗಳು ತಳ ಸೇರುತ್ತವೆ. ಅಲ್ಲಿ ಬಿಸಿಲಿಲ್ಲ, ಗಾಳಿ ತೀರ ಕಡಿಮೆ. ಉಷ್ಣವಲಯದ ಬಿಸಿಲಿಗೆ ಒಣನೆಲದ ಮೇಲೆ ಬಿದ್ದ ವಿಷದ ಒಂದು ಪಾಲು ಆವಿಯಾಗಿ ಹೋಗುತ್ತದೆ. ಕೆಸರಿನೊಳಗೆ ಹುದುಗಿದ ಪಾಲು ಹಾಗೆ ಹೋಗದೆ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ನದಿಯ ನೀರನ್ನು ತುಂಬಿ ಪರೀಕ್ಷಿಸಿ, ಏನೂ ಇಲ್ಲವೆಂದು ನೆಮ್ಮದಿಪಟ್ಟರೆ ಅದು ಅರ್ಧ ಸತ್ಯ. ನೀರು ಇವತ್ತಿನ ಮಾತನ್ನು ಹೇಳುತ್ತದೆ. ಕೆಸರು ಮೊನ್ನೆಯದನ್ನೂ ಹೇಳುತ್ತದೆ.

ಈ ಕಡತವನ್ನು ಓದುವ ವಿದ್ಯೆ ಬಹಳ ಸ್ವಾರಸ್ಯಕರವಾದದ್ದು. ವಿಜ್ಞಾನಿಗಳು ತಳಕ್ಕೆ ಒಂದು ಕೊಳವೆಯನ್ನು ಒತ್ತಿ, ಕೆಸರನ್ನು ಪದರ ಪದರವಾಗಿಯೇ ಮೇಲೆತ್ತುತ್ತಾರೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಬಯಲಿನಲ್ಲಿ ನಡೆಸುತ್ತಿದ್ದ ಅಣುಬಾಂಬಿನ ಪ್ರಯೋಗಗಳ ಧೂಳು 1963ರ ಸುಮಾರಿಗೆ ಭೂಮಿಯ ಮೇಲೆ ಅತ್ಯಂತ ಹೆಚ್ಚಾಗಿ ಬಿದ್ದಿತು. ಕೆಸರಿನಲ್ಲಿ ಆ ಧೂಳಿನ ಗುರುತು ಸಿಕ್ಕಿದ ಪದರವನ್ನು ಆ ವರ್ಷದ್ದೆಂದು ಹೇಳಬಹುದು. ಇನ್ನೊಂದು ಉಪಾಯವೂ ಇದೆ. ಡಿಡಿಟಿ ಗಾಳಿಯಾಡುವಲ್ಲಿ ನಿಧಾನವಾಗಿ ಡಿಡಿಇ ಎಂಬ ವಸ್ತುವಾಗಿಯೂ, ಗಾಳಿಯಾಡದ ಕೆಸರಿನಲ್ಲಿ ಡಿಡಿಡಿ ಎಂಬ ವಸ್ತುವಾಗಿಯೂ ಮಾರ್ಪಡುತ್ತದೆ. ಮೂಲದ ಡಿಡಿಟಿಯೇ ಹೆಚ್ಚಾಗಿದ್ದರೆ ವಿಷ ಹೊಸದು. ಮಾರ್ಪಟ್ಟ ರೂಪಗಳು ಹೆಚ್ಚಾಗಿದ್ದರೆ ಹಳೆಯದು. ಕಾಲ ನಮೂದಿಸದ ಶಾಸನವನ್ನು ನಮ್ಮ ಶಾಸನತಜ್ಞರು ಅಕ್ಷರದ ರೂಪ ನೋಡಿ ಇದು ಕದಂಬರದು, ಇದು ಹೊಯ್ಸಳರದು ಎಂದು ನಿರ್ಣಯಿಸುವುದಿಲ್ಲವೆ? ಇದೂ ಹಾಗೆಯೇ. ವೇಂಬನಾಡಿನ ಕೆಸರನ್ನು ಹೀಗೆ ಪರೀಕ್ಷಿಸಿದವರಿಗೆ ಡಿಡಿಟಿ, ಬಿಎಚ್‌ಸಿ, ಎಂಡೋಸಲ್ಫಾನ್ ಗುಂಪಿನ ವಿಷಗಳ ಉಳಿಕೆ ಸಿಕ್ಕಿದೆ.

ಆ ಉಳಿಕೆಯ ಪ್ರಮಾಣವನ್ನು ನೂರು ಕೋಟಿಯಲ್ಲಿ ಇಷ್ಟು ಪಾಲು ಎಂದು ಅಳೆಯುತ್ತಾರೆ. ಅಕ್ಕಿಯ ಒಂದು ಕಾಳು ಇಪ್ಪತ್ತು ಮಿಲಿಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ, ಇಪ್ಪತ್ತು ಟನ್ ರಾಶಿಯಲ್ಲಿ ಒಂದು ಕಾಳು ಎಂದರೆ ನೂರು ಕೋಟಿಯಲ್ಲಿ ಒಂದು ಪಾಲಾಯಿತು. ಇಷ್ಟು ಅಲ್ಪವಾದುದಕ್ಕೆ ಇಷ್ಟು ಗಾಬರಿಯೇಕೆ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಉತ್ತರ ಸಿಕ್ಕಿದ್ದು ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ 'ಸೈಲೆಂಟ್ ಸ್ಪ್ರಿಂಗ್' ಗ್ರಂಥದಲ್ಲಿ. ಅಮೆರಿಕದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ನೊರಜಿನ ಕಾಟ ತಪ್ಪಿಸಲು 1949ರಿಂದ ಮೂರು ಸಲ ಡಿಡಿಡಿ ಬೆರೆಸಿದರು. ಮೊದಲ ಸಲ ಬೆರೆಸಿದ್ದು ಏಳು ಕೋಟಿ ಪಾಲು ನೀರಿಗೆ ಒಂದು ಪಾಲು ಮಾತ್ರ. ಕೆಲವು ವರ್ಷಗಳಲ್ಲಿ ಅಲ್ಲಿನ ನೀರುಹಕ್ಕಿಗಳು ಸಾಯತೊಡಗಿದವು; ಅವುಗಳ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ ಸಾವಿರದ ಆರುನೂರು ಪಾಲು ವಿಷವಿತ್ತು. ಸೂಕ್ಷ್ಮಜೀವಿಯಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಏರುತ್ತ ಏರುತ್ತ ಅದು ಅಷ್ಟಾಗಿತ್ತು. ಸಿಂಪಡಣೆ ನಿಂತ ಸ್ವಲ್ಪ ಕಾಲದಲ್ಲಿ ನೀರನ್ನು ಪರೀಕ್ಷಿಸಿದರೆ ವಿಷದ ಸುಳಿವೇ ಇರಲಿಲ್ಲ. ಅದು ನೀರನ್ನು ಬಿಟ್ಟು ಜೀವಿಗಳ ಮೈಯನ್ನು ಸೇರಿತ್ತು.

ವೇಂಬನಾಡಿನ ಕೆಸರಿನಲ್ಲಿ ಬದುಕುವವರು ಎಷ್ಟು ಮಂದಿ! ನಮ್ಮ ಕರಾವಳಿಯಲ್ಲಿ ಮರುವಾಯಿಯೆಂದು ಕರೆಯುವ ಕಪ್ಪು ಚಿಪ್ಪು ಆ ಕೆಸರನ್ನೇ ಮನೆ ಮಾಡಿಕೊಂಡಿದೆ. ಅದನ್ನು ಮುಳುಗಿ ಹೆಕ್ಕಿ ತರುವುದೇ ಸಾವಿರಾರು ಕುಟುಂಬಗಳ ಅನ್ನ. ಕೇರಳ ರಾಜ್ಯದ ಮೀನೆಂದು 2010ರಲ್ಲಿ ಘೋಷಿತವಾದ ಕರಿಮೀನು ಆ ತಳದಲ್ಲಿ ಮೇಯುತ್ತದೆ. ಕೊಯ್ಲಾದ ಗದ್ದೆಗಳಲ್ಲಿ ಬಾತುಕೋಳಿಗಳ ಹಿಂಡುಗಳು ಕೊಕ್ಕಿನಿಂದ ಕೆಸರನ್ನೇ ಸೋಸಿ ತಿನ್ನುತ್ತವೆ. ಇವೆಲ್ಲದರ ಕೊನೆಯಲ್ಲಿ ಊಟದ ತಟ್ಟೆ ಇದೆ. ಹಾಗೆಂದು ಕಂಡ ಕೆಡುಕನ್ನೆಲ್ಲ ವಿಷದ ತಲೆಗೆ ಕಟ್ಟಲೂ ಬಾರದು. 1991ರಲ್ಲಿ ಕುಟ್ಟನಾಡಿನ ಮೀನುಗಳ ಮೈತುಂಬ ಹುಣ್ಣು ಕಾಣಿಸಿಕೊಂಡು ಜನ ಮೀನು ಕೊಳ್ಳುವುದನ್ನೇ ಬಿಟ್ಟಾಗ, ಕೀಟನಾಶಕವೇ ಕಾರಣವೆಂದು ಹಲವರು ನಂಬಿದ್ದರು. ಅದು ಶಿಲೀಂಧ್ರದಿಂದ ಬರುವ, ಏಷ್ಯಾದ ಹಲವು ದೇಶಗಳಲ್ಲಿ ಹಬ್ಬಿದ್ದ ರೋಗವೆಂದು ಆಮೇಲೆ ತಿಳಿಯಿತು. ಕಡತವನ್ನು ಓದುವವನು ಅದರಲ್ಲಿ ಬರೆದಿರುವುದನ್ನು ಮಾತ್ರ ಓದಬೇಕು, ತನಗೆ ಬೇಕಾದುದನ್ನಲ್ಲ.

ಮಿತ್ರರೇ, ಇಷ್ಟು ಹೊತ್ತು ಪರರ ಊರಿನ ಕೆಸರಿನ ಮಾತಾಯಿತು. ಕುಟ್ಟನಾಡಿನಿಂದ ಹಿಂದಿರುಗುವ ರಾತ್ರಿಯ ರೈಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ನನ್ನ ಊರು ಅದೇ ಕೇರಳದ ಉತ್ತರದ ತುದಿ, ಕನ್ನಡ ತುಳು ಮಾತಾಡುವ ಕಾಸರಗೋಡಿನ ಗಡಿನಾಡು. ಆ ಹೆಸರು ಕೇಳಿದೊಡನೆ ನಿಮಗೆ ಎಂಡೋಸಲ್ಫಾನ್ ನೆನಪಾಗದೆ ಇರದು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಹಳ್ಳಿಗಳ ನೆತ್ತಿಯ ಮೇಲಿನ ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ, 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಅದನ್ನು ಸುರಿಯಲಾಯಿತು. ಗುಡ್ಡದ ನೀರು ಸುರಂಗಗಳ ಮೂಲಕ ಮನೆಗಳಿಗೂ, ತೋಡುಗಳ ಮೂಲಕ ಗದ್ದೆಗಳಿಗೂ ಇಳಿಯುವ ನಾಡು ನಮ್ಮದು. ದಕ್ಷಿಣ ಕನ್ನಡದ ಕೊಕ್ಕಡದ ಕಡೆಗೂ ಅದೇ ಗತಿಯಾಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಅದನ್ನು ತಡೆಯಿತು. 2017ರಲ್ಲಿ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞಾಪಿಸಿತು. ಆ ಮಕ್ಕಳ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ಕಂಡಿದ್ದೀರಿ. ನಾನು ಅವರ ಮನೆಗಳ ಅಂಗಳದಲ್ಲಿ ನಿಂತಿದ್ದೇನೆ. ಅದನ್ನು ಕುರಿತು ಮಾತಾಡುವ ಶಕ್ತಿ ನನಗಿಲ್ಲ.

ಆ ದಿನಗಳಲ್ಲಿ ನಾವೆಲ್ಲ ಹೆಲಿಕಾಪ್ಟರಿನ ಕಡೆ ಬೆರಳು ತೋರಿಸಿದೆವು. ತೋರಿಸಬೇಕಾದದ್ದೇ. ಆದರೆ ಅಂದು ರೈಲಿನಲ್ಲಿ ನನ್ನ ನಿದ್ದೆಗೆಡಿಸಿದ್ದು ಅದಕ್ಕಿಂತ ಬಹಳ ಹಿಂದಿನ ಒಂದು ನೆನಪು. 1974ರ ಸುಮಾರಿರಬೇಕು, ನನಗೆ ಹದಿನಾಲ್ಕು ವರ್ಷ. ನಮ್ಮ ಬೈಲಿನ ಸುಗ್ಗಿ ಬೆಳೆಗೆ ಹುಳ ಬಿತ್ತೆಂದು ತಂದೆಯವರು ಪೇಟೆಯಿಂದ ಎಂಡ್ರಿನ್ ತಂದಿದ್ದರು. ಮದ್ದು ಬಿಟ್ಟಾದ ಮೇಲೆ ಪಂಪನ್ನು ತೊಳೆದು ತರುವ ಕೆಲಸ ನನ್ನದು. ತೋಡಿಗೆ ಕಟ್ಟ ಕಟ್ಟಿ ನೀರು ನಿಲ್ಲಿಸಿದ್ದ ಗುಂಡಿಯಲ್ಲಿ, ಡಬ್ಬಿಯಲ್ಲಿ ಉಳಿದಿದ್ದುದನ್ನು ಚೆಲ್ಲಿ, ಮೂರು ಸಲ ಜಾಲಾಡಿಸಿದೆ. ನೀರು ಹಾಲಿನಂತೆ ಬೆಳ್ಳಗಾಗಿ, ನೋಡನೋಡುತ್ತ ತಿಳಿಯಾಯಿತು. ಮರುದಿನ ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತೋಡಿನ ಬದಿಯ ಗುಡಿಸಲಿನ ಅಜ್ಜಿಯೊಬ್ಬಳು ಆ ಗುಂಡಿಯ ಮೀನನ್ನೇ ನಂಬಿದವಳು. ಹಿಂದಿನ ದಿನ ನನ್ನನ್ನು ಅಲ್ಲಿ ಕಂಡಿದ್ದಳು. ಬೈಯಲಿಲ್ಲ. ಮೀನುಗಳನ್ನು ಬುಟ್ಟಿಗೆ ಆಯುತ್ತ ಆಯುತ್ತ, ತಿನ್ನುವುದಕ್ಕಲ್ಲ, ಹೂಳುವುದಕ್ಕೆ, ತನ್ನ ತುಳುವಿನಲ್ಲಿ ಹೇಳಿದಳು: "ಇದೆಲ್ಲ ಹೋಯಿತಲ್ಲ ಮಗಾ."

ನಾನು ಹುಡುಗುತನದ ಜಾಣ್ಮೆಯಿಂದ, "ಮಳೆ ಬಂದರೆ ಮದ್ದೆಲ್ಲ ಕೊಚ್ಚಿಕೊಂಡು ಹೋಗುತ್ತದೆ ಅಜ್ಜಿ" ಎಂದೆ.

ಅವಳು ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು, "ಎಲ್ಲಿಗೆ?" ಎಂದು ಕೇಳಿ ಹೊರಟುಹೋದಳು.

ಐವತ್ತು ವರ್ಷಗಳಾದವು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಉಂಟು. ಎಲ್ಲಿಗೂ ಹೋಗುವುದಿಲ್ಲ, ಕೆಳಗಿನವರ ಕೆಸರಿಗೆ ಹೋಗುತ್ತದೆ. ನಮ್ಮ ತೋಡಿನದು ಹೊಳೆಗೆ, ಹೊಳೆಯದು ಅಳಿವೆಯ ಮರುವಾಯಿ ಹೆಕ್ಕುವವರ ಕಾಲಡಿಗೆ. ಕುಟ್ಟನಾಡು ಎಂದರೆ ನಾಲ್ಕು ನದಿಗಳ ಮೇಲಿನವರೆಲ್ಲ 'ಹೋಯಿತು' ಎಂದುಕೊಂಡದ್ದು ಬಂದು ನಿಲ್ಲುವ ಸ್ಥಳ, ಅದರ ಜೊತೆಗೆ ಅಲ್ಲಿನವರು ತಾವೇ ಸುರಿದದ್ದು. ಕೃಷಿಯಲ್ಲಿ ಡಿಡಿಟಿಯನ್ನು 1989ರಲ್ಲಿ ನಿಷೇಧಿಸಿದರು, ಎಂಡ್ರಿನ್ ಅನ್ನು 1990ರಲ್ಲಿ, ಬಿಎಚ್‌ಸಿಯನ್ನು 1997ರಲ್ಲಿ. ನಿಷೇಧದ ಆಜ್ಞೆ ಅಂಗಡಿಯ ಬಾಗಿಲವರೆಗೆ ಹೋಗುತ್ತದೆ. ನದಿಯ ತಳಕ್ಕೆ ಇಳಿಯುವುದಿಲ್ಲ. ಮಹಾಪ್ರವಾಹ ಬಂದರೆ, ಇಲ್ಲವೆ ಚಿಪ್ಪಿಗಾಗಿ ತಳವನ್ನು ಬಗೆದರೆ, ಹುದುಗಿದ ಹಳೆಯ ಪುಟ ಮತ್ತೆ ಮೇಲೇಳುತ್ತದೆ.

ಹಾಗಾದರೆ ದಾರಿಯಿಲ್ಲವೆ? ಉಂಟು, ಆದರೆ ಅದು ತೊಳೆಯುವ ದಾರಿಯಲ್ಲ. ಅಷ್ಟು ವಿಸ್ತಾರವಾದ ಕೆಸರನ್ನು ಯಾರೂ ತೊಳೆಯಲಾರರು. ಪ್ರತಿ ಮಳೆಗಾಲದಲ್ಲಿ ನದಿ ಹಳೆಯ ಪದರದ ಮೇಲೆ ಹೊಸದೊಂದು ಪದರ ಹಾಸುತ್ತದೆ. ಆ ಪದರ ಶುದ್ಧವಾಗಿದ್ದರೆ ಹಳೆಯದು ನಿಧಾನವಾಗಿ ಆಳಕ್ಕೆ ಹೋಗುತ್ತದೆ. ಹೊಸ ಪುಟದಲ್ಲಿ ಏನು ಬರೆಯಬೇಕೆಂಬುದಷ್ಟೇ ನಮ್ಮ ಕೈಯಲ್ಲಿರುವುದು. ವೇಂಬನಾಡಿನ ಉತ್ತರಕ್ಕೆ ಪೊಕ್ಕಾಳಿ ಎಂಬ ಉಪ್ಪುನೀರಿನ ಭತ್ತ ಬೆಳೆಯುವವರಿದ್ದಾರೆ. ಮಳೆಗಾಲದಲ್ಲಿ ಭತ್ತ, ಬೇಸಗೆಯಲ್ಲಿ ಅದೇ ಗದ್ದೆಯಲ್ಲಿ ಸಿಗಡಿ. ಸಿಗಡಿ ಸಾಯುವುದರಿಂದ ಅಲ್ಲಿ ಮದ್ದು ಬಿಡುವಂತಿಲ್ಲ. ದೂರ ಹೋಗಬೇಕಿಲ್ಲ, ನಮ್ಮ ಕುಮಟೆಯ ಬಳಿ ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತವನ್ನು ಇದೇ ರೀತಿ ಮದ್ದಿಲ್ಲದೆ, ಗೊಬ್ಬರವಿಲ್ಲದೆ ಬೆಳೆದುಕೊಂಡು ಬಂದಿದ್ದಾರೆ. ವೇಂಬನಾಡು 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಘನಾಶಿನಿಯ ಅಳಿವೆ 2024ರಲ್ಲಿ ಸೇರಿತು. ಅಘನಾಶಿನಿ ಎಂದರೆ ಪಾಪವನ್ನು ನಾಶಮಾಡುವವಳು. ಎಷ್ಟು ಸುಂದರವಾದ ಹೆಸರು! ತರಗತಿಯಲ್ಲಿ ಆ ಸಮಾಸವನ್ನು ನಾನು ಎಷ್ಟೋ ಸಲ ಬಿಡಿಸಿ ತೋರಿಸಿದ್ದೇನೆ. ಈಗ ಅನ್ನಿಸುತ್ತದೆ, ನದಿ ನಮ್ಮ ಅಘವನ್ನು ನಾಶ ಮಾಡುವುದಿಲ್ಲ. ತಳದಲ್ಲಿ ಜೋಪಾನವಾಗಿ ಇಡುತ್ತದೆ. ಹಾಗೆ ತಿಳಿದರೆ ನದಿಯ ಮೇಲಿನ ಗೌರವ ಕುಗ್ಗಬೇಕಿಲ್ಲ. ನಮ್ಮ ಕೈ ತುಸು ಹಿಂದೆ ಸರಿಯಬೇಕು, ಅಷ್ಟೆ.

ಕುಟ್ಟನಾಡಿನಿಂದ ಬಂದ ಮೇಲೆ ನಾನು ಮಾಡಿದ ಕೆಲಸ ತೀರ ಸಣ್ಣದು. ಊರಿನ ತೋಟ ನೋಡಿಕೊಳ್ಳುವ ನನ್ನ ತಮ್ಮನ ಮಗನಿಗೆ, ಮದ್ದಿನ ಪಂಪನ್ನು ತೋಡಿನಲ್ಲಿ ತೊಳೆಯಬೇಡ, ಗುಡ್ಡೆಯ ಬದಿಯಲ್ಲಿ ತೊಳೆ ಎಂದು ಹೇಳಿದೆ. ಒಳ್ಳೆಯ ಹುಡುಗ, ಹಾಗೆಯೇ ಮಾಡಿದ. ಪಂಪು ತೊಳೆದಾದ ಮೇಲೆ ಕೈ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದ: "ಆದರೆ ದೊಡ್ಡಪ್ಪಾ, ಮಳೆ ಬಂದರೆ ಇದೂ ತೋಡಿಗೇ ಅಲ್ಲವಾ?"

ಹುಡುಗನ ಮಾತಿನಲ್ಲಿ ಅಜ್ಜಿಯ ದನಿ ಕೇಳಿದಂತಾಯಿತು. ಆ ವರ್ಷ ತೋಟದ ಕೆಳಗಿನ ಎರಡು ಗದ್ದೆಗಳಿಗೆ ಅವನು ಮದ್ದು ಬಿಡಲಿಲ್ಲ. ಇಳುವರಿ ಕಡಿಮ��ಯಾಯಿತೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಆ ನಷ್ಟದ ಲೆಕ್ಕವನ್ನು ನನ್ನ ಪಿಂಚಣಿಯಿಂದ ತುಂಬಿಕೊಟ್ಟೆ. ಅಜ್ಜನ ಕಡತವಿದ್ದಿದ್ದರೆ ಅದನ್ನು ಯಾವ ಮಡಿಕೆಯಲ್ಲಿ ಬರೆಯುತ್ತಿದ್ದರೋ ತಿಳಿಯದು. ನನ್ನ ಮಟ್ಟಿಗೆ ಅದು ಹಳೆಯ ಬಾಕಿಯೊಂದರ ಮೊದಲ ಕಂತು.